ಮುಸ್ಸಂಜೆಗೆ ಮುಸುಕು ತೆಗೆಯುವ ಕಾರು

ಗುಂಡ್ಲುಪೇಟೆಯ ಪುಟ್ಟಮಾದು ಈ ಭೂಮಿಯ ಮೇಲಿನ ಯಾವ ಪದಾರ್ಥವನ್ನೂ ಮುಂದಿನಿಂದ ನೋಡಿದವನಲ್ಲ. ಎತ್ತಿನ ದಲ್ಲಾಳಿಯಾದ ಆತ ಎತ್ತನ್ನು ಬಾಲದಿಂದ ಶುರುಮಾಡಿ ಕೊಂಬಿನವರೆಗೆ ಓದುವವನು. ಸಂತೆಮರಹಳ್ಳಿ ಸಂತೆಗೆ ಅವನು ಕಾಲಿಟ್ಟನೆಂದರೆ, ಏನಾದರೂ ಐಬು ಮುಚ್ಚಿಟ್ಟುಕೊಂಡ ಎತ್ತುಗಳು ಬಾಲ ಮುದುರಿ ಗೋಡೆಗೆ ಆತು ನಿಲ್ಲುತ್ತಿದ್ದವಂತೆ. ದೇವಸ್ಥಾನಕ್ಕೆ ಹೋದರೆ ಮೊದಲು ಗರ್ಭಗುಡಿಯ ಹಿಂದಿನ ಗೋಡೆಗೆ ಕೈ ಮುಗಿದು, ಆಮೇಲೆ ಎದುರಿಗೆ ಬಂದು ದೇವರನ್ನು ಖಾತ್ರಿ ಮಾಡಿಕೊಳ್ಳುತ್ತಿದ್ದ. ಹೆಣ್ಣು ನೋಡಲು ಹೋದ ದಿನ ಹಜಾರದಲ್ಲಿ ಹಾಸಿದ್ದ ಜಮಖಾನವನ್ನು ದಾಟಿ ನೇರ ಹಿತ್ತಲಿಗೆ ನಡೆದ. ಅಲ್ಲಿ ಪಾತ್ರೆ ಬೆಳಗುತ್ತಿದ್ದ ಮೂಗಮ್ಮನ ಬೆನ್ನು ನೋಡಿ, "ಒಪ್ಪಿಗೆ" ಎಂದು ಹೇಳಿ, ಬೇಲಿ ದಾಟಿ ಹೊರಟೇಹೋದ. ಅವಳ ಮುಖವನ್ನು ಅವನು ಕಂಡದ್ದು ಧಾರೆಯ ದಿನ.

ಇಂಥ ವೀರ ಐವತ್ತು ದಾಟಿದ ಮೇಲೆ ಕಾರು ಕೊಳ್ಳಲು ಹೊರಟ. ಕಾರಣವಿತ್ತು. ಟ್ರ್ಯಾಕ್ಟರುಗಳು ಬಂದು ಎತ್ತಿನ ವ್ಯಾಪಾರ ಸೊರಗಿತ್ತು. ಕೆಲವು ವರ್ಷ ಸಿಂಗರಿಸಿದ ಜೋಡೆತ್ತಿನ ಗಾಡಿಯನ್ನು ಮದುವೆ ಮೆರವಣಿಗೆಗೆ ಬಾಡಿಗೆಗೆ ಬಿಟ್ಟ. ಈಗಿನ ಮದುವಣಗಿತ್ತಿಯರಿಗೆ ಅದೂ ಸಾಲದು. ಮೊಬೈಲಿನಲ್ಲಿ ನೋಡಿ ನೋಡಿ, ಎಲ್ಲರಿಗೂ ತಲೆಯ ಮೇಲೆ ಮುಚ್ಚಳವಿಲ್ಲದ ಕಾರೇ ಬೇಕು.

ಅಂಥ ಕಾರೊಂದು ಅವನ ಹಿತ್ತಲ ಗೋಡೆಯ ಆಚೆಗೇ ಇತ್ತು. ಕಂಟ್ರಾಕ್ಟರ್ ಮಲ್ಲಿಕಾರ್ಜುನಸ್ವಾಮಿಯವರದು. ಜರ್ಮನಿಯ ಗಾಡಿ, ನೇರಳೆ ಹಣ್ಣಿನ ಬಣ್ಣ, ಎರಡೇ ಬಾಗಿಲು. ಗುಂಡಿ ಒತ್ತಿದರೆ ಬಟ್ಟೆಯ ಛಾವಣಿ ತಾನೇ ಎದ್ದು, ಮಡಿಚಿಕೊಂಡು, ಡಿಕ್ಕಿಯೊಳಗೆ ಮಲಗುತ್ತಿತ್ತು. ಸ್ವಾಮಿಯವರು ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ಮಂಗಳಗೌರಿ ಒಬ್ಬರೇ ಇದ್ದರು. ಕಾರು ಟಾರ್ಪಾಲು ಹೊದ್ದು ಅಂಗಳದಲ್ಲಿ ಕೂತಿತ್ತು.

ಪುಟ್ಟಮಾದು ಟಾರ್ಪಾಲು ಸರಿಸಿದ, ರೂಢಿಯಂತೆ ಹಿಂದಿನಿಂದ. ಡಿಕ್ಕಿ ಎತ್ತಿ ಬಗ್ಗಿ ನೋಡಿ ಬೆರಗಾದ.

"ಇದೇನವ್ವಾರೆ, ಇದ್ರ ತಲೆ ಹೊಟ್ಟೆ ಒಳಗದ!"

"ನಮ್ಮ ಯಜಮಾನರಿಗೆ ಮುಚ್ಚಿದ ಕಡೆ ಉಸಿರು ಕಟ್ಟೋದು ಪುಟ್ಟಮಾದು" ಎಂದರು ಮಂಗಳಗೌರಿ. "ಅದಕ್ಕೇ ಬೆಂಗಳೂರಿಂದ ಹುಡುಕಿ ತಂದಿದ್ರು. ದೀಪ ಹಚ್ಚೋ ಹೊತ್ತಿಗೆ ದಿನಾ ನನ್ನನ್ನ ಹಂಗಳ ಊರಿನವರೆಗೂ ಒಂದು ಸುತ್ತು ಕರ್ಕೊಂಡು ಹೋಗೋರು."

ವ್ಯಾಪಾರ ಕುದುರಿತು. ಅವರು ಎರಡು ಕೀ ತಂದು ಕೊಟ್ಟರು. ಪುಟ್ಟಮಾದು ಒಂದನ್ನು ಅಂಗಿಯ ಜೇಬಿಗೆ ಹಾಕಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ಅವರಿಗೇ ವಾಪಸ್ಸು ನೀಡಿದ.

"ಇದ್ಯಾಕೆ?"

"ಎತ್ತು ಮಾರ್ದೋರು ಕೊರಳಿನ ಹಗ್ಗ ಕೊಡಕಿಲ್ಲ ಕಣವ್ವಾರೆ. ಕೊಟ್ರೆ ಮನೆ ಲಕ್ಷ್ಮಿ ಅದ್ರ ಹಿಂದ್ಲೇ ಓಯ್ತಾಳ. ತಕ್ಕಂಡೋನು ಹೊಸ ಹಗ್ಗ ಹಾಕಿ ಹೊಡ್ಕೊಂಡು ಓಗ್ಬೇಕು. ಈ ಮುಂಡೇದುಕ್ಕೆ ಹಗ್ಗ ಎಲ್ಲದ? ಇದ್ನೇ ಹಗ್ಗ ಅಂತ ಮಡಿಕಳಿ."

ಮಂಗಳಗೌರಿ ಕೀಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಹೀಗೆ ಜರ್ಮನಿಯ ಎಂಜಿನಿಯರುಗಳು ಕನಸಿನಲ್ಲೂ ಊಹಿಸದಿದ್ದ ಶಾಸ್ತ್ರವೊಂದು ಗುಂಡ್ಲುಪೇಟೆಯಲ್ಲಿ ಸಾಂಗವಾಗಿ ನೆರವೇರಿತು. ಪುಟ್ಟಮಾದು ಕಾರಿನ ಮೂತಿಗೆ ಹೊಸ ಕಣ್ಣಿಹಗ್ಗ ಕಟ್ಟಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಬೀದಿ ಸುತ್ತಿ ಬಂದು ತನ್ನ ಹಿತ್ತಲಿನಲ್ಲಿ, ನಡುಗೋಡೆಗೆ ತಾಗುವಂತೆ ನಿಲ್ಲಿಸಿದ.

ಆವತ್ತೇ ಸಂಜೆ, ಮೂಗಮ್ಮ ದೀಪ ಹಚ್ಚಿ ಹಿತ್ತಲ ಬಾಗಿಲಿಗೆ ಬಂದಳು. ಕಾರಿನೊಳಗೆ ಯಾರೂ ಇಲ್ಲ. ಕೀ ಗಂಡನ ಜೇಬಿನಲ್ಲಿ, ಗಂಡ ಬಚ್ಚಲಿನಲ್ಲಿ. ಕಾರು ಸಣ್ಣಗೆ ನರಳಿತು. ಛಾವಣಿಯ ಮುಂದಿನ ಅಂಚು ಮಲಗಿದವರು ತಲೆ ಎತ್ತುವ ಹಾಗೆ ಎದ್ದಿತು. ನಿಧಾನವಾಗಿ ಹಿಂದಕ್ಕೆ ವಾಲಿತು, ಮಡಿಚಿಕೊಂಡಿತು, ಒಳಗಿಳಿಯಿತು. ನಸುಗತ್ತಲಲ್ಲಿ ಬರಿದಾದ ಸೀಟುಗಳು ಕಾಣಿಸಿದವು. ಸ್ಟೇರಿಂಗ್ ಮುಂದಿನ ಸೀಟಿನಲ್ಲಿ ಇನ್ನೂ ಒಬ್ಬ ದಪ್ಪ ಮನುಷ್ಯ ಕೂತಷ್ಟು ತಗ್ಗು ಇತ್ತು. ವಿಭೂತಿಯ ವಾಸನೆ ಬಂತು. ಮೂಗಮ್ಮ ಕೈಯಲ್ಲಿದ್ದ ಚೆಂಬನ್ನು ಅಲ್ಲೇ ಬಿಟ್ಟು ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಪುಟ್ಟಮಾದು ಬಚ್ಚಲಿನಿಂದ ಬಂದು ಬಹಳ ಹೊತ್ತು ಒದ್ದೆ ಮೈಯಲ್ಲಿ ಹೊರಗೇ ನಿಂತು ಬಾಗಿಲು ತಟ್ಟಿದ.

ಬೆಳಿಗ್ಗೆ ಅವನು ಛಾವಣಿ ಮುಚ್ಚಿದ. ಮರುದಿನ ಸಂಜೆಯೂ ಅದೇ. ಅದರ ಮರುದಿನವೂ. ಹೆಸರು ವರ್ಗಾವಣೆಗೆಂದು ಕಾರನ್ನು ಚಾಮರಾಜನಗರಕ್ಕೆ ಒಯ್ದು ರಾತ್ರಿ ನೆಂಟರ ಮನೆಯಲ್ಲಿ ನಿಲ್ಲಿಸಿದಾಗ ಮಾತ್ರ ಅದು ತೆಪ್ಪಗಿತ್ತು. ಟೀ ಅಂಗಡಿಯ ಮಾರಯ್ಯ ಅದಕ್ಕೂ ಅರ್ಥ ಹೇಳಿದ.

"ದೆವ್ವಕ್ಕೂ ಒಂದು ಗಡಿ ಇರ್ತದ ಕಣ್ಲಾ ಮಾದು. ಇದು ಗುಂಡ್ಲುಪೇಟೆ ದೆವ್ವ. ಚಾಮ್ರಾಜನಗರಕ್ಕೆ ಓಗಿ ಏನ್ ಮಾಡದು, ಕಚೇರಿ ಕೆಲ್ಸವಾ?"

ಆದರೆ ಮೂಗಮ್ಮ ಆ ಒಂದು ದಿನದ ಬೇರೆ ಸುದ್ದಿ ಹೇಳಿದಳು. "ಸಂದೇಲಿ ಗೌರವ್ವಾರು ಗೋಡೆತಕೆ ಬಂದು ನಿಂತ್ಕಂಡಿದ್ರು. 'ಕಾರು ಬರ್ಲಿಲ್ವಾ' ಅಂದ್ರು. ಕತ್ಲಾದ್ರೂ ಒಳಕೇ ಓಗ್ಲಿಲ್ಲ ಕಣಪ್ಪ. ಅವ್ರ ಮುಖ ನೋಡಕಾಗ್ಲಿಲ್ಲ." ಪುಟ್ಟಮಾದು ಅದನ್ನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಷ್ಟರಲ್ಲಿ ಹಂಗಳದ ಚೆಲುವಯ್ಯ ಹೇಳಿಕಳಿಸಿದ. ದೊಡ್ಡ ಕುಳ, ಮಗನ ಮದುವೆ. ಗುರುವಾರ ಸಂಜೆ ಹಾಲು ಕರೆದಾದ ಮೇಲೆ ಬಂದು ಕಾರು ನೋಡುತ್ತೇನೆ, ಮನಸ್ಸಿಗೆ ಬಂದರೆ ಮೆರವಣಿಗೆ ನಿನಗೇ ಎಂದ. ಚೆಲುವಯ್ಯನ ಮನೆಯ ಮೆರವಣಿಗೆಗೆ ಹೋದ ಕಾರನ್ನು ಇಡೀ ತಾಲೂಕು ಕರೆಯುತ್ತದೆ. ಚೆಲುವಯ್ಯ ಹೆದರಿ ಓಡಿದ ಕಾರನ್ನು ಯಾವ ಮದುವಣಗಿತ್ತಿಯೂ ಹತ್ತುವುದಿಲ್ಲ. ಗಾಡಿಯನ್ನೂ ಜೋಡೆತ್ತನ್ನೂ ಮಾರಿ ಕಾರು ತಂದಿದ್ದ ಪುಟ್ಟಮಾದುವಿಗೆ ಬೇರೆ ಕಸುಬು ಉಳಿದಿರಲಿಲ್ಲ.

"ಸ್ವಾಮ್ಯೋರು ಇದ್ರಲ್ಲೇ ಪ್ರಾಣ ಬುಟ್ರಾ ಅಂತ ಓಗಿ ಕೇಳ್ಬುಟ್ಟು ಬಾ" ಎಂದಳು ಮೂಗಮ್ಮ. "ಕೇಳ್ದೆ ತಂದ್ಬುಟ್ಯಲ್ಲ. ಎತ್ತಾದ್ರೆ ಸುಳಿ ನೋಡ್ತಿದ್ದೆ. ಕಾರಿಗೆ ಸಾವು ನೋಡ್ಬ್ಯಾಡ್ವಾ?"

ಬುಧವಾರ ಸಂಜೆ ಅವನು ಹೊರಟ. ಮುಂಬಾಗಿಲಿನಿಂದ ಹೋಗುವ ಅಭ್ಯಾಸ ಅವನಿಗೆಲ್ಲಿ? ನಡುಗೋಡೆಯ ಪಕ್ಕದ ಸಂದಿಯಿಂದ ಮಂಗಳಗೌರಿಯವರ ಹಿತ್ತಲಿಗೆ ನುಸುಳಿದ. ಗೋಡೆಗೆ ಅಂಟಿಕೊಂಡೇ ದೇವರ ಕೋಣೆಯ ಕಿಟಕಿ. ಒಳಗೆ ದೀಪ ಉರಿಯುತ್ತಿತ್ತು. ಸ್ವಾಮಿಯವರ ಫೋಟೋದ ಮುಂದೆ ಮಂಗಳಗೌರಿ ಅವನಿಗೆ ಬೆನ್ನು ಮಾಡಿ ನಿಂತಿದ್ದರು. ಅವರ ಕೈಯಲ್ಲಿ ಆ ಎರಡನೇ ಕೀ. ಅದರ ಗುಂಡಿಯ ಮೇಲೆ ಹೆಬ್ಬೆರಳನ್ನು ಅದುಮಿ ಹಿಡಿದಿದ್ದರು.

ಗೋಡೆಯ ಆಚೆ, ಅವನದೇ ಹಿತ್ತಲಿನಲ್ಲಿ, ಕಾರು ನರಳಿತು.

ಮಂಗಳಗೌರಿ ಆ ಸದ್ದು ಮುಗಿಯುವವರೆಗೂ ಕತ್ತು ವಾರೆ ಮಾಡಿ ಕೇಳಿದರು. ಆಮೇಲೆ ಫೋಟೋದ ಕಡೆ ಬಾಗಿ, ಊಟಕ್ಕೆ ಕರೆಯುವಷ್ಟೇ ಸಲೀಸಾಗಿ ಹೇಳಿದರು: "ತೆಗ್ದಿದೀನಿ. ಹೋಗಿ ಕೂತ್ಕೊಳ್ಳಿ. ನಾನು ಸೀರೆ ಬದಲಾಯಿಸಿ ಬಂದೆ."

ದೆವ್ವವಿಲ್ಲವೆಂದು ಗೊತ್ತಾದ ಮೇಲೆ ಪುಟ್ಟಮಾದುವಿಗೆ ನಿಜವಾದ ಭಯವಾಯಿತು. ಅವರು ಸೀರೆ ಬದಲಾಯಿಸಲಿಲ್ಲ, ಎಲ್ಲಿಗೂ ಹೋಗಲಿಲ್ಲ. ದೀಪದ ಮುಂದೆ ಕೂತರು, ಅಷ್ಟೇ. ಬಹುಶಃ ಒಂದು ಸುತ್ತು ಹೋಗಿಬರುವಷ್ಟು ಹೊತ್ತು. ಅವನು ಬಂದ ದಾರಿಯಲ್ಲೇ ಹಿಂದಕ್ಕೆ ಹೆಜ್ಜೆ ಇಡುತ್ತಾ ವಾಪಸ್ಸಾದ.

ಮನೆಗೆ ಬಂದು ಮೂಗಮ್ಮನಿಗೆ ಮಾತ್ರ ಹೇಳಿದ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು, ಮರುಕ್ಷಣವೇ ವ್ಯವಹಾರಕ್ಕೆ ಬಂದಳು.

"ಕೀ ಕೇಳಿ ಇಸ್ಕೊ."

"ಬುಟ್ಟ ಹಗ್ಗ ವಾಪಸ್ ಕೇಳದುಂಟಾ ಅಮ್ಮಿ?"

"ಆಗಿದ್ರೆ ನಾಳೀಕೆ ಒಂದಿನ ಕಾರ ಮಾರಯ್ಯನ ಅಂಗ್ಡಿ ಮುಂದುಕೆ ನಿಲ್ಸು. ಚೆಲ್ವಯ್ಯ ಅಲ್ಲೇ ನೋಡ್ಲಿ."

ಅದು ಸರಿಯಾದ ಮಾತು. ಗುರುವಾರ ಇಳಿಹೊತ್ತಿನಲ್ಲಿ ಪುಟ್ಟಮಾದು ಕಾರನ್ನು ಒರೆಸಿ, ಒಳಗೆ ಕೂತು, ಎಂಜಿನ್ ಶುರುಮಾಡಿದ. ಗೋಡೆಯ ಮೇಲಿನಿಂದ ಆ ಕಿಟಕಿ ಕಾಣುತ್ತಿತ್ತು. ಕಾರು ಚಾಮರಾಜನಗರಕ್ಕೆ ಹೋಗಿದ್ದ ದಿನ ಕೀ ಅದುಮಿ ಅದುಮಿ, ಏನೂ ಸದ್ದಾಗದೆ, ಮಂಗಳಗೌರಿ ಈ ಗೋಡೆಯ ಹತ್ತಿರ ಬಂದು ನಿಂತದ್ದು ಈಗ ಅವನಿಗೆ ಅರ್ಥವಾಯಿತು. ಎಂಜಿನ್ ಆರಿಸಿದ. ಮತ್ತೆ ಶುರುಮಾಡಿದ. ಮೂಗಮ್ಮ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಅವನು ಮತ್ತೆ ಆರಿಸಿದಾಗ, ಒಳಗೆ ಹೋಗಿ ಕಾಫಿಗೆ ನೀರಿಟ್ಟಳು.

ಚೆಲುವಯ್ಯ ಬಂದ. ಬಿಳಿ ಪಂಚೆ, ಇಬ್ಬರು ಭಾಮೈದುನರು. ಕಾರಿನ ಸುತ್ತ ತಿರುಗಿ, ಬಾನೆಟ್ಟು ತಟ್ಟಿ, "ಏನ್ಲಾ ಮಾದು, ಮಾರಾಜ್ರ ಗಾಡಿ ತಂದ್ಬುಟ್ಟಿದ್ದೀಯೆ!" ಎಂದು ಹಿಗ್ಗಿದ. ಹಿಂದಿನ ಸೀಟಿನಲ್ಲಿ ಗಂಡು ಹೆಣ್ಣು ಎಲ್ಲಿ ಕೂರಬೇಕು, ವಾಲಗದವರು ಎಷ್ಟು ಮುಂದೆ ನಡೆಯಬೇಕು, ಎಲ್ಲ ಮಾತಾಯಿತು. ಮೂಗಮ್ಮ ಕಾಫಿ ತಂದಳು. ಮಾತು ಇನ್ನೇನು ಮುಗಿಯಬೇಕು, ಗೋಡೆಯಾಚೆಯ ಕಿಟಕಿಯಲ್ಲಿ ದೀಪ ಕಾಣಿಸಿತು.

ಕಾರು ನರಳಿತು. ಯಾರೂ ಮುಟ್ಟದ ಛಾವಣಿ ತಲೆ ಎತ್ತಿತು, ಮಡಿಚಿತು, ಇಳಿಯಿತು. ಭಾಮೈದುನರಲ್ಲಿ ಒಬ್ಬ ಲೋಟ ಹಿಡಿದುಕೊಂಡೇ ಬೀದಿಯಲ್ಲಿದ್ದ. ಇನ್ನೊಬ್ಬ ಕಾರಿನ ಕೆಳಗೆ ಬಗ್ಗಿ ನೋಡಿದವನು ಬಗ್ಗಿದ ಹಾಗೇ ಉಳಿದ. ಚೆಲುವಯ್ಯ ಮಾತ್ರ ಪಂಚೆ ಎತ್ತಿ ಹಿಡಿದು ನಿಂತ, ಬೆವರುತ್ತಾ.

"ಮಾದಪ್ಪ ದೇವ್ರ ಆಣೆ ಮಡಗಿ ಏಳು. ಇದ್ರಲ್ಲಿ ಏನಾರ ಅದಾ?"

ಮೂಗಮ್ಮ ಗಂಡನ ಮುಖ ನೋಡಿದಳು. ನಿಜ ಹೇಳಿದರೆ ಮೆರವಣಿಗೆ ಸಿಗುತ್ತಿತ್ತು. ನಾಳೆ ಬೆಳಿಗ್ಗೆ ಮಾರಯ್ಯನ ಅಂಗಡಿಯಲ್ಲಿ ಮಂಗಳಗೌರಿಯವರ ಹೆಸರಿಗೆ ಊರು ನಗುತ್ತಿತ್ತು.

"ಅದ ಕಣಣ್ಣ" ಎಂದ ಪುಟ್ಟಮಾದು.

ಚೆಲುವಯ್ಯನ ಮಗ ಜೀಪಿನಲ್ಲಿ ಮೆರೆದ. ಆಮೇಲೆ ಯಾವ ಮದುವೆಯವರೂ ಪುಟ್ಟಮಾದುವಿನ ಬೀದಿಗೆ ಬರಲಿಲ್ಲ. ಈಗ ಅವನು ಭೀಮನಬೀಡಿನ ಕಡೆಯ ಹೊಲಗಳಿಂದ ಚೆಂಡು ಹೂವಿನ ಮೂಟೆಗಳನ್ನು ಅದರಲ್ಲೇ ಹೇರಿ ತರುತ್ತಾನೆ. ಮುಚ್ಚಳವಿಲ್ಲದ್ದರಿಂದ ಎಷ್ಟು ಎತ್ತರ ಬೇಕಾದರೂ ಹೇರಬಹುದು. ಹಳದಿ ಹೂವಿನ ರಾಶಿ ಹೊತ್ತು, ಹೆಣ್ಣೂ ಇಲ್ಲದ ಗಂಡೂ ಇಲ್ಲದ ಮೆರವಣಿಗೆಯ ಹಾಗೆ ಆ ನೇರಳೆ ಕಾರು ಬರುವುದನ್ನು ಕಂಡರೆ, ಎದುರಿನ ಬಸ್ಸಿನವರೂ ಕಿಟಕಿಯಿಂದ ಕತ್ತು ಹೊರಹಾಕುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಮಾತ್ರ ಅದು ಎಲ್ಲಿದ್ದರೂ ಬಂದು ಗೋಡೆಗೆ ತಾಗಿ ನಿಲ್ಲುತ್ತದೆ.

ಮಾರಯ್ಯನ ಅಂಗಡಿಯಲ್ಲಿ ಪುರಾಣ ಬೆಳೆದಿದೆ. ಪುಟ್ಟಮಾದು ಮಲೆಯಾಳದ ಮಂತ್ರ ಕಲಿತಿದ್ದಾನಂತೆ. ಹೋರಿ ಪಳಗಿಸಿದ ಹಾಗೆ ದೆವ್ವವನ್ನು ಪಳಗಿಸಿ, ಹಗಲೆಲ್ಲ ದುಡಿಸಿ, ಸಂಜೆ ಆ ಗೋಡೆಗೆ ಕಟ್ಟುತ್ತಾನಂತೆ. ಮೊನ್ನೆ ಮಾರಯ್ಯ ಅವನಿಗೆ ಟೀ ಕೊಟ್ಟು, ಬೆಂಚಿನ ಮೇಲಿದ್ದವರೆಲ್ಲ ಬಾಯಿ ಮುಚ್ಚಲೆಂದು ಕೈಸನ್ನೆ ಮಾಡಿ, ಹತ್ತಿರ ಬಂದು ಕೇಳಿದ.

"ಇಷ್ಟಗಲ ಊರದ. ದಿನಾ ಆ ಗ್ವಾಡೆಗೇ ಯಾಕ್ಲಾ ನಿಲ್ಸೀಯೆ? ಆ ಜಾಗದ್ದು ಏನ್ ಮಹಿಮೆ, ಇವತ್ತು ಏಳ್ಬುಡು."

ಪುಟ್ಟಮಾದು ಟೀ ಊದಿ ಕುಡಿದ.

"ಅಲ್ಲಿ ನೆರಳದ ಕಣ್ಲಾ."