ಮಾವನ ಹೆಸರು ಇನ್ನೂ ಖಾಲಿಯಾಗಿಲ್ಲ

ಕಳೆದ ವಾರ ಮಾನ್ವಿಯಲ್ಲಿ ನಮ್ಮ ಸೋದರಮಾವ ಮಲಗಿದಲ್ಲಿಂದಲೇ ತೊಟ್ಟಿಲ ಕಾರ್ಯ ನಿಲ್ಲಿಸಿಬಿಟ್ಟರು. ಅದೂ ಬರೀ ಕಣ್ಣಲ್ಲಿ!

ಮಾವ ಶರಣಪ್ಪನವರದು ಅಕ್ಕಿ ಗಿರಣಿ. ಗಿರಣಿಯ ಸದ್ದನ್ನೂ ಮೀರಿಸುವ ಗಂಟಲು. ಹೋದ ವರ್ಷ ಲಕ್ವ ಹೊಡೆಯಿತು. ಮಾತು ಹೋಯಿತು, ಕೈಕಾಲು ಹೋಯಿತು. ಕಣ್ಣು ಮೇಲೆ ಕೆಳಗೆ ಆಡುವುದಷ್ಟೇ ಉಳಿಯಿತು. ರಾಯಚೂರಿನ ಡಾಕ್ಟರು ‘ಲಾಕ್ಡ್ ಇನ್ ಸಿಂಡ್ರೋಮ್’ ಅಂದರು. ಬುದ್ಧಿಗೇನೂ ಆಗಿಲ್ಲ, ಎಲ್ಲ ಕೇಳಿಸುತ್ತದೆ, ತಿಳಿಯುತ್ತದೆ. ಹೇಳಲು ಮಾತ್ರ ದಾರಿಯಿಲ್ಲ.

ಅತ್ತೆ ದಾರಿ ಮಾಡಿಕೊಂಡಿದ್ದಾರೆ. ಕಣ್ಣು ಮೇಲೆ ಹೋದರೆ ಹೌದು, ಕೆಳಗಿಳಿದರೆ ಇಲ್ಲ. ಉದ್ದ ಮಾತಾದರೆ ಅತ್ತೆ ಅಕ್ಷರಮಾಲೆ ಹೇಳುತ್ತಾ ಹೋಗುತ್ತಾರೆ, ಬೇಕಾದ ಅಕ್ಷರಕ್ಕೆ ಮಾವನ ಕಣ್ಣು ಮೇಲೇರುತ್ತದೆ. (ಇಷ್ಟು ವರ್ಷ ಮಾವನೇ ಮಾತಾಡಿದ್ದಾಯಿತು, ಈಗ ಅತ್ತೆಯ ಪಾಳಿ!) ಮಾವನ ಮಂಚ ಬಿಟ್ಟು ಅತ್ತೆ ಸಂತೆಗೂ ಹೋಗಿಲ್ಲ. ಆದರೂ ನಗುತ್ತಾರೆ. ನೋಡಿ ನನಗೇ ಸಂಕಟವಾಗುತ್ತದೆ.

ಅವತ್ತು ಮಾವನ ಮೊಮ್ಮಗನಿಗೆ, ಅಂದರೆ ಮಗನ ಕೂಸಿಗೆ, ಹೆಸರಿಡುವ ದಿನ. ದೇವದುರ್ಗದಿಂದ ಬಂದ ದೊಡ್ಡವ್ವ, ಅಂದರೆ ಮಾವನ ಅಕ್ಕ, ಮಂಚದ ಪಕ್ಕದಲ್ಲೇ ನಿಂತು ತೀರ್ಪು ಕೊಟ್ಟರು.

"ಕೂಸಿಗೆ ಶರಣಪ್ಪ ಅಂತನ ಇಡ್ರಿ. ನಮ್ಮ ತಮ್ಮನ ಹೆಸರು ಉಳೀಲಿ."

ಎಲ್ಲರೂ ತಲೆಯಾಡಿಸಿದರು. ನಮ್ಮ ಮನೆತನದಲ್ಲಿ ಮೊಮ್ಮಕ್ಕಳಿಗೆ ಹಿರಿಯರ ಹೆಸರೇ ಇಡುವುದು. ಆದರೆ ತೀರಿಕೊಂಡ ಹಿರಿಯರದು! ಅದು ಒಬ್ಬರಿಗಾದರೂ ಹೊಳೆಯಬೇಕಲ್ಲ?

ಮಾವನ ಮಗಳು ಕೂಸಿನ ಕಿವಿಗೆ ಬಾಗಿದಳು. ಹೆಸರು ಕೂಗುವ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ, ಹೆಂಗಸರೆಲ್ಲ ಕೈ ಎತ್ತಿ ತಯಾರಾಗಿದ್ದರು. ಆಗಲೇ ಅತ್ತೆ ಚೀರಿದರು.

"ತಡೀರವ್ವಾ! ಅವ್ರು ಬ್ಯಾಡ ಅನ್ನಾಕತ್ತಾರ!"

ಮಾವನ ಕಣ್ಣು ಕೆಳಗೇ ನಿಂತಿತ್ತು.

"ಖುಷಿಗೆ ಹಂಗ ಮಾಡಾಕತ್ತಾನ, ಬಿಡು" ಎಂದರು ದೊಡ್ಡವ್ವ.

ಅತ್ತೆ ಬಿಡಲಿಲ್ಲ. ಅಕ್ಷರಮಾಲೆ ಶುರುವಾಯಿತು. ಒಂದೊಂದೇ ಅಕ್ಷರ ಕೂಡಿಸಿ, ಕೊನೆಗೆ ಗಟ್ಟಿಯಾಗಿ ಹೇಳಿದರು: "ನಾ ಇನ್ನಾ ಅದೀನಿ."

ಎತ್ತಿದ ಕೈಗಳೆಲ್ಲ ಕೆಳಗಿಳಿದವು. ದೊಡ್ಡವ್ವ ತಮ್ಮನ ಕೆನ್ನೆ ಹಿಡಿದು ಅತ್ತರು, ಅಳುತ್ತಲೇ ನಕ್ಕರು. "ತಪ್ಪಾತೋ ಯಪ್ಪಾ. ನೀನ ಹೇಳು, ಏನ್ ಇಡೋಣು?"

ಮತ್ತೆ ಅಕ್ಷರಮಾಲೆ. ಹೋಳಿಗೆ ಆರಿತು, ಕೂಸು ನಿದ್ದೆ ಹೋಯಿತು, ಯಾರೂ ಅವಸರ ಮಾಡಲಿಲ್ಲ. ಬಂದ ಹೆಸರು ಬಸವರಾಜ, ಮಾವನ ತಂದೆಯದು. ಈ ಸಲ ಗುದ್ದುಗಳು ಜೋರಾಗಿಯೇ ಬಿದ್ದವು!

ಮಾತು ನಿಂತವರ ಎದುರು ನಾವು ಇಷ್ಟೆಲ್ಲ ಮಾತಾಡುತ್ತೇವಲ್ಲ, ಒಮ್ಮೆಯಾದರೂ ಅವರನ್ನೇ ಕೇಳಿದ್ದೇವಾ?