ಮಾವನವರ ಕಾಲು ಹಿಡಿದದ್ದು

ಹಣೆಯ ಮೇಲೆ ಢಾಳಾಗಿ ವಿಭೂತಿ, ಅದರ ಕೆಳಗೆ ಹುಬ್ಬಿಗೆ ಮೆತ್ತಿದ ಗ್ರೀಸು. ನನ್ನ ಮಾವನವರನ್ನು ನೆನೆದರೆ ಮೊದಲು ಕಾಣುವುದು ಇವೆರಡೇ. ಪೂಜೆ ಮುಗಿಸಿ ಎದ್ದವರು ನೇರವಾಗಿ ಜೀಪಿನ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದರು. ಬೆವರು ಒರೆಸಿಕೊಂಡಾಗ ಕೈಯ ಮಸಿಯೆಲ್ಲ ಮುಖಕ್ಕೆ ಬರುತ್ತಿತ್ತು. ಅದನ್ನು ಅವರಿಗೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ನನ್ನನ್ನಂತೂ ಕೇಳಲೇಬೇಡಿ. ಎಂಬತ್ತರ ದಶಕದ ಆರಂಭದಲ್ಲಿ ಅಫಜಲಪುರದ ಕಡೆಯಿಂದ ಆಳಂದ ಸೀಮೆಯ ಮಟಕಿ ಎಂಬ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಸೊಸೆ ಮಾವನ ಜೊತೆ ಮಾತಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಅವರು ಅಂಗಳದಲ್ಲಿ ಕೆಮ್ಮಿದರೆ ಸಾಕು, ತಲೆತುಂಬ ಸೆರಗು ಹೊದ್ದು ಅಡುಗೆಮನೆ ಸೇರುತ್ತಿದ್ದೆ. ಮಾತೆಲ್ಲ ಅತ್ತೆಯ ಮೂಲಕವೇ ಹಾದು ಬರಬೇಕು. "ಅಕಿಗಿ ನೀರ್ ತರಾಕ್ ಹೇಳ್" ಎನ್ನುವರು. ನಾನು ಬಾಗಿಲ ಮರೆಯಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿರುತ್ತಿದ್ದೆ. ಮಗಳು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೂ ಅವರು ನನ್ನ ದನಿ ಕೇಳಿರಲಿಲ್ಲ.

ಎಲ್ಲರನ್ನೂ ಗದರುವ ಈ ಮನುಷ್ಯ ಜೀಪಿಗೆ ಮಾತ್ರ ಬಹುವಚನ ಕೊಡುತ್ತಿದ್ದರು. ಮಿಲಿಟರಿ ಹರಾಜಿನಲ್ಲಿ ಹಿಡಿದು ತಂದ ಹಳೆಯ ಪೆಟ್ರೋಲ್ ಗಾಡಿ ಅದು. "ಏಳ್ರಿ, ಹೊತ್ತಾಗ್ಯಾದ" ಎಂದು ಸ್ಟೇರಿಂಗ್ ಸವರುವರು. ಯಾರಾದರೂ ನಕ್ಕರೆ, "ಮನಷ್ಯಾಗ ಬೈದ್ರ ಕೆಲಸ ಮಾಡ್ತಾನ. ಗಾಡಿಗಿ ಬೈದ್ರ ನಿಂದರ್ತದ" ಎನ್ನುವರು. ಅದರ ರೋಗಕ್ಕೆ ಅವರ ಶಾಸ್ತ್ರವೂ ಚಿಕ್ಕದೇ: "ಇಂಜಿನ್ ನಿಂತ್ರ ಎರಡೇ ಕಾರಣ. ಪೆಟ್ರೋಲ್ ಬರವಲ್ದು, ಇಲ್ಲಾ ಕರೆಂಟ್ ಬರವಲ್ದು." ಕರೆಂಟ್ ಎಂದರೆ ಪ್ಲಗ್ಗಿನ ತುದಿಯಲ್ಲಿ ಹಾರುವ ಕಿಡಿ.

ಆ ವರ್ಷ ಮಹಾನವಮಿಯ ಖಂಡೆ ಪೂಜೆಯ, ಅಂದರೆ ಆಯುಧ ಪೂಜೆಯ, ಮರುದಿನ ನನ್ನ ಮಗಳಿಗೆ ಮೈ ಕೆಂಡದಂತೆ ಕಾದು, ಕೈಕಾಲು ಸೆಟೆದುಕೊಳ್ಳತೊಡಗಿದವು. ನನ್ನ ಗಂಡ ತೊಗರಿಯ ವ್ಯಾಪಾರಕ್ಕೆಂದು ಜೇವರ್ಗಿಗೆ ಹೋಗಿದ್ದರು. ಮಾವನವರೇ ನಮ್ಮನ್ನು ಕೂರಿಸಿಕೊಂಡು ಆಳಂದದ ಡಾಕ್ಟರ ಕಡೆ ಹೊರಟರು. ಅರ್ಧ ದಾರಿಯಲ್ಲಿ ಜೀಪು ಎರಡು ಸಲ ಕೆಮ್ಮಿ ನಿಂತೇ ಬಿಟ್ಟಿತು. ಸುತ್ತ ಕರಿಮಣ್ಣಿನ ಹೊಲ, ನರಪಿಳ್ಳೆ ಇಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯ ತೊಡೆಯ ಮೇಲೆ ಕೂಸು ಕಣ್ಣು ಮೇಲೆ ಮಾಡಿತ್ತು.

ಮಾವನವರು ಪೆಟ್ರೋಲಿನ ಪೈಪು ಬಿಚ್ಚಿ ನೋಡಿದರು. ಪೆಟ್ರೋಲ್ ಕೈತುಂಬ ಚಿಮ್ಮಿತು. ಗಡಿಬಿಡಿಯಲ್ಲಿ ಪೈಪು ಮತ್ತೆ ಸಿಗಿಸಿ, ಒಂದು ಪ್ಲಗ್ಗು ಬಿಚ್ಚಿ, ವೈರಿನ ಸಮೇತ ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಇಟ್ಟರು. ಇನ್ನು ಯಾರಾದರೂ ಸ್ಟಾರ್ಟರ್ ಒತ್ತಿದರೆ ಕಿಡಿ ಬರುತ್ತದೋ ಇಲ್ಲವೋ ಕಾಣುತ್ತದೆ. ಆ ಗುಂಡಿ ಇದ್ದದ್ದು ಡ್ರೈವರನ ಕಾಲಬುಡದಲ್ಲಿ. "ಅಕಿಗಿ ಮುಂದ ಕುಂತು ಗುಂಡಿ ಒತ್ತಾಕ್ ಹೇಳ್" ಎಂದು ಅತ್ತೆಗೆ ಹೇಳಿದರು.

ಕೂತೆ. ಗುಂಡಿಯ ಮೇಲೆ ಕಾಲಿಟ್ಟೆ. ಗಪ್ಪನೆ ಪೆಟ್ರೋಲಿನ ವಾಸನೆ ಬಡಿಯಿತು. ಹೊರಗೆ ಬಗ್ಗಿ ನೋಡಿದರೆ ಇಂಜಿನ್ನಿನ ಹೊಟ್ಟೆಯಿಂದ ತೊಟತೊಟ ಸೋರುತ್ತಿದೆ. ಅವರ ಕೈ ಮೈಯೆಲ್ಲ ಪೆಟ್ರೋಲೇ ಆಗಿದ್ದರಿಂದ ಅವರ ಮೂಗಿಗೆ ಅದು ತಿಳಿಯುತ್ತಿರಲಿಲ್ಲ. ನಾನು ಕೂತ ಸೀಟಿನ ಕೆಳಗೇ ಟ್ಯಾಂಕು, ಬೆನ್ನ ಹಿಂದೆ ನನ್ನ ಮಗಳು. ಕಾಲು ತೆಗೆದುಬಿಟ್ಟೆ.

"ಅತ್ತಿ, ಪೆಟ್ರೋಲ್ ಸೋರಾಕತ್ತದ. ಮಾವಾರಿಗಿ ಹೇಳ್ರಿ" ಎಂದೆ. ಅತ್ತೆ "ಬಸವಣ್ಣಾ, ಕೂಸಿನ್ ಕಾಯೋ" ಎಂದು ಅಳುತ್ತಿದ್ದರು, ಕೇಳಲಿಲ್ಲ. ಮಾವನವರಿಗೇ ಕೂಗಿ ಹೇಳಲು ನನಗೆ ಬಾಯಿ ಬರಲಿಲ್ಲ. ಒಂದು ಕೂಗು ಹಾಕಿದ್ದರೆ ಮುಗಿಯುತ್ತಿತ್ತು ಎಂದು ಈಗ ಯಾರೂ ಹೇಳಬಹುದು. ಆ ಮನೆಯ ಸೊಸೆಯಾಗಿ ನೋಡಿದವರಿಗೆ ಗೊತ್ತು.

"ಕಿವುಡಿ ಏನ್ ಅಕಿ?" ಎನ್ನುತ್ತ ಮಾವನವರೇ ಸುತ್ತಿ ಬಂದರು. ಪ್ಲಗ್ಗು ಅಲ್ಲೇ ಇಂಜಿನ್ನಿನ ಮೇಲೆ ಕೂತಿತ್ತು. ತಾವೇ ಒತ್ತಲು ಒಳಗೆ ಕಾಲು ಚಾಚಿದರು. ನಾನು ಬಗ್ಗಿ ಆ ಕಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದೆ.

ಅವರು ಅದನ್ನು ಬೇರೆಯೇ ತಿಳಿದರು. ಗುಂಡಿ ಒತ್ತದ ತಪ್ಪಿಗೆ ಸೊಸೆ ಕಾಲು ಹಿಡಿದು ಕ್ಷಮೆ ಕೇಳುತ್ತಿದ್ದಾಳೆ ಎಂದು! "ಏ, ಇದೇನ್ ಕಾಲ್ ಬೀಳೂ ಹೊತ್ತೇನು? ಅಕಿಗಿ ಬಿಡಾಕ್ ಹೇಳ್!" ಎಂದು ಅತ್ತೆಯ ಮೇಲೆ ಕೂಗಿದರು. ಆಗಲೂ ಅತ್ತೆಗೇ! ಅವರು ಕಾಲು ಎಳೆದಷ್ಟೂ ನಾನು ಬಿಗಿಯಾಗಿ ಹಿಡಿದೆ.

"ಬ್ಯಾಡ್ರಿ ಮಾವಾರೀ! ಪೆಟ್ರೋಲ್ ಸೋರಾಕತ್ತದ್ರಿ! ಕೂಸು ಒಳಗದ!"

ಪೆಟ್ರೋಲಿಗೆ ಹೆದರಿದೆನೋ ನನ್ನ ದನಿಗೇ ಹೆದರಿದೆನೋ, ಇಂದಿಗೂ ಗೊತ್ತಿಲ್ಲ. ಮಾವನವರು ಬಗ್ಗಿ ನೆಲ ನೋಡಿದರು. ಮರುಗಳಿಗೆ ಕೂಸನ್ನು ಎತ್ತಿಕೊಂಡು ಹೊಲದ ಬದುವಿನತ್ತ ಓಡಿದರು. ನಾವು ಹಿಂದೆ ಓಡಿದೆವು. ಅವರು ಬದುವಿನ ಮೇಲೆ ಕುಸಿದು ಕೂತರು. ನನ್ನ ಮುಖವನ್ನೇ ನೋಡಿ, "ನನ್ನ ಕೈಯಾರೆ ಎಲ್ಲಾರಿಗೂ ಸುಡ್ತಿದ್ನಲ್ಲವ್ವಾ" ಎಂದರು. ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಪೈಪು ಬಿಗಿ ಮಾಡಿ, ಚೆಲ್ಲಿದ್ದನ್ನೆಲ್ಲ ಒರೆಸಿ, ವಾಸನೆ ಗಾಳಿಗೆ ಹೋಗುವ ತನಕ ಕಾದೆವು. ಒಂದು ಕಡೆ ಕೂಸು ಕುದಿಯುತ್ತಿದೆ, ಇನ್ನೊಂದು ಕಡೆ ಕಾಯಲೇಬೇಕು. ಅಷ್ಟು ಉದ್ದದ ಹೊತ್ತನ್ನು ನಾನು ಮತ್ತೆ ಕಂಡಿಲ್ಲ. ಆಮೇಲೆ ಅವರು ಕಿಡಿ ಹಂಚುವ ಡಬ್ಬಿಯ ಮುಚ್ಚಳ ತೆಗೆದರು. ಒಳಗೆಲ್ಲ ಜಿಗಿಜಿಗಿ. ಹಿಂದಿನ ದಿನದ ಪೂಜೆಯಲ್ಲಿ ಭಕ್ತಿ ಉಕ್ಕಿ ಇಂಜಿನ್ನಿನ ಮೇಲೆಯೇ ತೆಂಗಿನಕಾಯಿ ಒಡೆದಿದ್ದರು. ಆ ನೀರು ಇಳಿದು ಕೂತಿತ್ತು. "ಒಣಾ ಅರಬಿ ಅದ ಏನವ್ವಾ?" ಎಂದು ಒರೆಸಲು ಬಟ್ಟೆ ಕೇಳಿದರು. ಅವರ ಧೋತರ ಪೆಟ್ರೋಲಿನಲ್ಲಿ ತೊಯ್ದಿತ್ತು. ನಾನು ತಲೆಯ ಮೇಲಿನ ಸೆರಗು ತೆಗೆದು ಅಂಚು ಹರಿದು ಕೊಟ್ಟೆ. ಬರಿದಲೆಯಲ್ಲಿ ಮಾವನ ಎದುರು ನಿಂತಿದ್ದೇನೆ ಎಂಬುದು ಜೀಪು ಹೊರಟ ಮೇಲೆಯೇ ನೆನಪಾಯಿತು.

ಮಗಳು ಉಳಿದಳು. ಆಮೇಲೆ ಬಾನೆಟ್ಟು ತೆಗೆದಾಗಲೆಲ್ಲ "ಬಾರವ್ವಾ, ಮೂಗಿಟ್ಟು ನೋಡು" ಎಂದು ನನ್ನನ್ನೇ ಕರೆಯುತ್ತಿದ್ದರು. ನೆಂಟರು ಮುಸಿಮುಸಿ ನಕ್ಕರೆ, "ನಗ್ರಿ. ನನ್ನ ಮನಿ ಉಳಿಸಿದಾಕಿ ಅಕಿ" ಎಂದು ಗದರುವರು. ನನಗೂ ಅವರ ಮೇಲಿನ ಅಂಜಿಕೆ ಹೋಗಿ, ಹುಬ್ಬಿನ ಗ್ರೀಸು ಒರೆಸಿಕೊಳ್ಳಿ ಎನ್ನುವಷ್ಟು ಬಾಯಿ ಬಂತು.

ತೊಂಬತ್ತರ ದಶಕದಲ್ಲಿ ಅವರು ಉಬ್ಬಸದಿಂದ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ನಾನೊಬ್ಬಳೇ ಮಗ್ಗುಲಲ್ಲಿದ್ದೆ. "ಅಂಜಿಕಿ ಬರ್ಲಾಕತ್ತದವ್ವಾ. ಏನರೆ ಮಾತಾಡು" ಎಂದರು.

"ಏನ್ ಮಾತಾಡ್ಲಿರಿ?"

"ಏನರೆ. ನಿನ್ನ ದನಿ ಕೇಳ್ಲಿ."

ತೊಗರಿ ಹೂವಾದದ್ದು, ಎಮ್ಮೆ ಒದ್ದದ್ದು, ಮೊಮ್ಮಗಳು ಶಾಲೆಯಲ್ಲಿ ಜಗಳಾಡಿ ಬಂದದ್ದು, ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಿಲ್ಲಿಸಿದರೆ ಏನಾಗುವುದೋ ಎಂದು ಹೆದರಿ ಹೇಳುತ್ತಲೇ ಹೋದೆ. ಒಳಗಿನಿಂದ ಬಂದ ಅತ್ತೆ ಅವರ ಮುಖ ನೋಡಿದರು, ಅರೆತೆರೆದಿದ್ದ ಅವರ ಕಣ್ಣು ಮುಚ್ಚಿಸಿ ನನ್ನ ಭುಜದ ಮೇಲೆ ಕೈಯಿಟ್ಟರು.

"ಸಾಕಬೇ" ಎಂದರು. "ಇನ್ನ ಸಾಕು."