ಕಚ್ಚಿದವರಿಗೆ ದಿಂಬು

ಅಮೆರಿಕದ ಡುಲೂತ್ ಊರಿನ ನಮ್ಮ ಶಿಶುವಿಹಾರಕ್ಕೆ ವರ್ಲೀನ್ ಮಿಸ್ ಸೇರಿದ ಕಾಲಕ್ಕೆ ಮಕ್ಕಳಿಗಿದ್ದದ್ದು ಎರಡೇ ಕಾಯಿಲೆ: ತುಂಟತನ, ಹಟ. ಎರಡಕ್ಕೂ ಮದ್ದು ಮೂಲೆಯ ಮರದ ಕುರ್ಚಿ. ಆಮೇಲೆ ಕಾಲ ಸುಧಾರಿಸಿತು. ತುಂಟತನ ‘ವರ್ತನೆಯ ಸಮಸ್ಯೆ’ಯಾಯಿತು, ಹಟ ‘ಭಾವನೆಗಳ ಏರುಪೇರು’ ಆಯಿತು. ಕುರ್ಚಿಗೂ ಬಡ್ತಿ ಸಿಕ್ಕಿ ‘ಯೋಚನೆಯ ಕುರ್ಚಿ’ ಎನಿಸಿಕೊಂಡಿತು. ಕೊನೆಗೆ ಅದೂ ಹೋಗಿ ‘ಶಾಂತಿಮೂಲೆ’ ಬಂತು. ಅಲ್ಲಿ ಮೆತ್ತನೆಯ ದಿಂಬು, ನೀಲಿ ದೀಪ, ಪಕ್ಕದಲ್ಲಿ ಕೂತು ಬೆನ್ನು ಸವರಲು ವರ್ಲೀನ್. ಅಳುವ ಮಗುವಿಗೆ ಹಾಲು ಅನ್ನುತ್ತಾರೆ. ನಮ್ಮಲ್ಲಿ ಕಚ್ಚುವ ಮಗುವಿಗೆ ದಿಂಬು.

ಇಷ್ಟೆಲ್ಲ ಸುಧಾರಣೆ ತಂದವಳು ಮುಖ್ಯಸ್ಥೆ ವಿಟ್ನಿ. ಚಿಕ್ಕವಳಿದ್ದಾಗ ಇದೇ ಕೋಣೆಯಲ್ಲಿ ಆ ಮರದ ಕುರ್ಚಿಯನ್ನು ಬಿಟ್ಟು ಎದ್ದವಳೇ ಅಲ್ಲ. ಆಗಲೂ ಈಗಲೂ ಇಲ್ಲಿ ಸಹಾಯಕಿಯಾಗಿರುವ ನಾನು ಕಣ್ಣಾರೆ ಕಂಡಿದ್ದೇನೆ.

ಈ ಚಳಿಗಾಲ ಟಿಲ್ಡಾ ಕಚ್ಚಲು ಶುರುಮಾಡಿದಳು. ನನಗೇ ನಂಬಲಾಗಲಿಲ್ಲ. ಹಿಮದ ಬೂಟು, ಕೈಗವಸು ಎಲ್ಲ ತಾನೇ ಹಾಕಿಕೊಂಡು ಬಾಗಿಲ ಬಳಿ ಸುಮ್ಮನೆ ನಿಲ್ಲುವ ಹುಡುಗಿ ಅದು.

“ಇನ್ನೊಂದ್ ಸಲ ಕಚ್ಚಿದ್ರೆ ಅವಳನ್ನ ಇಟ್ಕೊಳ್ಳೋಕಾಗಲ್ಲ, ಮಿಸ್,” ಎಂದಳು ವಿಟ್ನಿ.

“ಅವಳಮ್ಮ ಒಂಟಿ ಹೆಂಗಸು ಕಣೇ. ಮಗುನ ಎಲ್ಲಿ ಬಿಟ್ಟು ಕೆಲ್ಸಕ್ಕೆ ಹೋಗ್ಬೇಕು?” ಎಂದರು ವರ್ಲೀನ್.

“ಏನ್ಮಾಡ್ಲಿ? ಈಗಿನ ಮಕ್ಳು ನಮ್ ಕಾಲದ್ ಹಾಗಲ್ಲ.”

“ಹೌದೌದು! ಮರದ ಇಟ್ಟಿಗೆ ಎಸೆದು ನನ್ ಕನ್ನಡಕ ಒಡೆದಾಗ ನೀನು ಸಾಕ್ಷಾತ್ ದೇವತೆ!”

ವಿಟ್ನಿ ಮುಖ ಕೆಂಪಾಯಿತು. ನಿಯಮ ಮಾತ್ರ ಜಗ್ಗಲಿಲ್ಲ.

ಮರುದಿನ ಆಟಕ್ಕೆ ಹೊರಡುವ ಗದ್ದಲ. ಒಬ್ಬನ ಬೂಟು ಇನ್ನೊಬ್ಬನ ಕಾಲಲ್ಲಿ, ಎಲ್ಲರದೂ ಕಿರುಚಾಟ. ವರ್ಲೀನ್ ಬಗ್ಗಿ ಜಿಪ್ ಎಳೆಯುತ್ತಿದ್ದರು. ಟಿಲ್ಡಾ ಎಂದಿನಂತೆ ಎಲ್ಲರಿಗಿಂತ ಮೊದಲು ತಯಾರಾಗಿ ನಿಂತಿದ್ದಳು. ಅವಳ ಕಣ್ಣು ವರ್ಲೀನ್ ಮೇಲೆಯೇ ಇತ್ತು. ಆಮೇಲೆ ಮೆಲ್ಲನೆ ಪಕ್ಕದವನ ತೋಳಿನ ಕಡೆ ತಿರುಗಿತು.

ವರ್ಲೀನ್ ಅದನ್ನು ನೋಡಿದರು. ಗದರಲಿಲ್ಲ. ಅರ್ಧ ಎಳೆದ ಜಿಪ್ಪನ್ನು ಅಲ್ಲೇ ಬಿಟ್ಟು ಬಂದು, ಒದ್ದೆ ನೆಲದ ಮೇಲೆ ಕೂತು, ಟಿಲ್ಡಾಳನ್ನು ಮಡಿಲಿಗೆ ಎಳೆದುಕೊಂಡು ಬೆನ್ನು ಸವರಿದರು.

ಹುಡುಗಿ ಗಾಬರಿಯಾದಳು.

“ಮಿಸ್, ನಾನಿನ್ನೂ ಯಾರನ್ನೂ ಕಚ್ಚೇ ಇಲ್ಲ!”

ಬಾಗಿಲಲ್ಲಿ ನಿಂತಿದ್ದ ವಿಟ್ನಿಗೂ ಕೇಳಿಸಿತು. ಈ ಕಾಯಿಲೆಗೆ ಅವಳ ಬಳಿ ಯಾವ ಹೆಸರೂ ಇರಲಿಲ್ಲ. ಒಳಗೆ ಬಂದು, ಮಂಡಿಯೂರಿ, ಉಳಿದ ಮಕ್ಕಳ ಜಿಪ್ ಎಳೆಯತೊಡಗಿದಳು.